ಕಾಲೇಜು ಕೋಚ್‌ಗಳ ಹುರುಪು ಎಲ್ಲಿ ಸೋರಿಹೋಗುತ್ತಿದೆ? ಮಲೆನಾಡಿನ ಪಿಇಡಿಗಳು, ಕೋಚ್‌ಗಳು ಬರೆಯಿರಿ

ಮೈದಾನದಂಚು, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ, ಅಂದರೆ ಪಿಇಡಿ ಆಗಿದ್ದೇನೆ. ಕಾಗದದ ಮೇಲೆ ಅಷ್ಟುದ್ದ ಹೆಸರು, ಹುಡುಗರ ಬಾಯಲ್ಲಿ ಪಿಟಿ ಸರ್. ನನ್ನ ಆಟ ವಾಲಿಬಾಲ್. ಆದರೆ ಕಾಲೇಜಿನಲ್ಲಿ ಕಬಡ್ಡಿ, ಖೋಖೋ, ಅಥ್ಲೆಟಿಕ್ಸ್, ಚೆಸ್ ಎಲ್ಲದಕ್ಕೂ ನಾನೇ ಕೋಚ್. ಟೀಮ್ ಮ್ಯಾನೇಜರ್ ನಾನೇ, ನೆಟ್ ಕಟ್ಟುವವನು ನಾನೇ, ಸುಣ್ಣದ ಪುಡಿ ಹಾಕಿ ಕೋರ್ಟ್ ಎಳೆಯುವವನೂ ನಾನೇ.

ಆಟಗಾರರ ಮನಸ್ಸಿನ ಆರೋಗ್ಯದ ಬಗ್ಗೆ ಈಗ ಮಾತು ಜಾಸ್ತಿ ಆಗಿದೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ತಂಡದ ಫೈನಲ್ ನಡುವೆಯೇ ಹಿಂದೆ ಸರಿದಾಗ ಊರೂರಲ್ಲೂ ಅದೇ ಚರ್ಚೆ. ಆಗಬೇಕಾದ್ದೇ. ಆದರೆ ಗೆರೆಯ ಆಚೆ ವಿಸಿಲ್ ಹಿಡಿದು ನಿಂತವರ ಕಥೆ ಏನು? ನಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಓಡಿಸಿ ನೋಡುತ್ತಾರೆ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮದಲ್ಲಿ ಇದೆ, 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, ಹೆಂಗಸರು 8 ನಿಮಿಷದಲ್ಲಿ 1000 ಮೀಟರ್ ಮುಗಿಸಬೇಕು. ಕಾಲಿನ ಪರೀಕ್ಷೆ ಆಯಿತು. ಆಮೇಲೆ ರಿಟೈರ್ ಆಗುವವರೆಗೆ ತಲೆ ಹೇಗಿದೆ ಅಂತ ಒಬ್ಬರೂ ಕೇಳುವುದಿಲ್ಲ.

ನಮ್ಮ ಕಡೆಯ ವರ್ಷ ಹೇಗಿರುತ್ತದೆ ಅಂತ ಗೊತ್ತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ರೌಂಡ್ ಮಳೆಯ ಪಾಲು. ಕಬಡ್ಡಿ ಅಂಕಣದಲ್ಲಿ ನೀರು, ಬಾಸ್ಕೆಟ್‌ಬಾಲ್ ಕೋರ್ಟಿನ ಸಿಮೆಂಟ್ ಮೇಲೆ ಹಾವಸೆ. ಮಳೆ ಬಿಟ್ಟಿತು ಅನ್ನುವಾಗ ಅಂತರ ಕಾಲೇಜು ಪಂದ್ಯಗಳ ಪಟ್ಟಿ ಬರುತ್ತದೆ. ಅದರ ಬೆನ್ನಿಗೇ ಅಡಿಕೆ ಕೊಯ್ಲು. ಒಳ್ಳೆ ರೈಡರ್ ಮನೆಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ಕೂತಿರುತ್ತಾನೆ. ಉಳಿದವರಿಗೆ ಬಸ್ಸಿನ ಚಿಂತೆ. ಹೊಸನಗರದ ಕಡೆಯ ಸಂಜೆ ಬಸ್ಸು ತಪ್ಪಿದರೆ ಹುಡುಗ ಮನೆ ಸೇರುವುದು ಹೇಗೆ? ಹಾಗಾಗಿ ಪ್ರಾಕ್ಟೀಸ್ ಅರ್ಧಕ್ಕೇ ನಿಲ್ಲುತ್ತದೆ. ಇಷ್ಟರ ಮೇಲೆ ಆಫೀಸಿನಿಂದ ಫೋನ್, "ಈ ಸಲ ಎಷ್ಟು ಕಪ್ ಬರಬಹುದು ಸರ್?" ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲಿಗೆ ಬೇಕಂತೆ.

ನನ್ನ ಪ್ರಶ್ನೆ ಇಷ್ಟೇ. ನಿಮ್ಮನ್ನು ಬೆಳಿಗ್ಗೆ ಆರಕ್ಕೆ ಗ್ರೌಂಡಿಗೆ ಎಳೆದು ತರುವುದು ಏನು? ಅದು ಕಮ್ಮಿ ಆದಾಗ ಏನು ಮಾಡುತ್ತೀರಿ? "ಪಾಸಿಟಿವ್ ಆಗಿರಿ ಸರ್" ಅನ್ನುವವರು ದಯವಿಟ್ಟು ಬೇರೆ ಚರ್ಚೆ ನೋಡಿಕೊಳ್ಳಿ.

ಕೊನೆಗೊಯ್ಲು, ತೀರ್ಥಹಳ್ಳಿ

ಬೇಜಾರು ಮಾಡಿಕೊಳ್ಳಬೇಡಿ ಮಾರಾಯ್ರೆ, ಆದರೆ ಹೇಳಲೇಬೇಕು. ಯುಜಿಸಿ ಸ್ಕೇಲ್ ಸಂಬಳ, ಬೇಸಿಗೆ ರಜೆ, ಭಾನುವಾರ ರಜೆ. ಅದರ ಮೇಲೆ ಮನಸ್ಸಿಗೆ ದಣಿವು! ಕೊಳೆರೋಗ ಬಂದು ಅಡಿಕೆ ನೆಲಕ್ಕೆ ಉದುರಿದ ವರ್ಷ ನಮ್ಮ ಮನಸ್ಸು ಹೇಗಿದೆ ಅಂತ ಯಾರು ಕೇಳಿದರು? ಈಗ ಎಲೆಚುಕ್ಕಿ ರೋಗ ಬೇರೆ. ಆಟ ಆಡಿಸುವುದು ಖುಷಿಯ ಕೆಲಸ ಅಲ್ವಾ? ನನ್ನ ಮಗ ನಿಮ್ಮಂಥವರ ಹತ್ತಿರವೇ ಶಟಲ್ ಕಲಿಯುತ್ತಿದ್ದಾನೆ. ಮೇಷ್ಟ್ರು ಯಾವಾಗ ನೋಡಿದರೂ ನಗುತ್ತಾ ಇರುತ್ತಾರಪ್ಪ.

ಬಿಳಿಗೆರೆ, ಭದ್ರಾವತಿ

ಭಾನುವಾರ ರಜೆ ಅಂದಿರಲ್ಲ, ಅಲ್ಲೇ ಗೊತ್ತಾಯಿತು ನಿಮಗೆ ಈ ಕೆಲಸದ ಪರಿಚಯ ಇಲ್ಲ ಅಂತ. ಟೂರ್ನಮೆಂಟ್ ಇಡುವುದೇ ಭಾನುವಾರ ನೋಡಿಕೊಂಡು.

ಯುಜಿಸಿ ಸ್ಕೇಲ್ ಎಲ್ಲರಿಗೂ ಇದೆ ಅಂದುಕೊಳ್ಳಬೇಡಿ ಅಣ್ಣ. ನಾನು ದೈಹಿಕ ಶಿಕ್ಷಣದಲ್ಲಿ ಎಂ.ಪಿ.ಇಡಿ ಮಾಡಿ ಒಂದು ಖಾಸಗಿ ಕಾಲೇಜಿನಲ್ಲಿ ಗುತ್ತಿಗೆ ಮೇಲೆ ಇದ್ದೇನೆ. ಸೆಮಿಸ್ಟರ್ ಮುಗಿದರೆ ಸಂಬಳವೂ ನಿಂತಿತು. ಮುಂದಿನ ವರ್ಷ ಕರೆಯುತ್ತಾರಾ ಅನ್ನುವುದು ಅಡ್ಮಿಷನ್ ಮುಗಿದ ಮೇಲೆ ಗೊತ್ತಾಗುತ್ತದೆ. ಕಬಡ್ಡಿ ಟೀಮ್ ಒಂದು ಹದಕ್ಕೆ ಬರಲು ಮೂರು ವರ್ಷ ಬೇಕು. ಈಗ ಮೊದಲ ವರ್ಷಕ್ಕೆ ಬಂದ ಹುಡುಗನಿಗೆ ಕಾಲು ಹಿಡಿಯುವುದನ್ನು ಹೇಳಿಕೊಡುತ್ತೇನೆ. ಅವನು ಫೈನಲ್ ಇಯರ್‌ನಲ್ಲಿ ಚೆನ್ನಾಗಿ ಆಡುವಾಗ ನಾನು ಇಲ್ಲಿರುತ್ತೇನಾ? ಹುರುಪು ಎಲ್ಲಿಂದ ತರಲಿ ಹೇಳಿ.

ದುಡ್ಡಿನ ವಿಷಯವೂ ಹೇಳಿಬಿಡುತ್ತೇನೆ. ಬಸ್ ಚಾರ್ಜ್, ಊಟ ಎಲ್ಲಾ ಮೊದಲು ನಾವು ಕೈಯಿಂದ ಹಾಕಬೇಕು, ಆಮೇಲೆ ಬಿಲ್ ಕೊಡಬೇಕು. ಪಂದ್ಯ ಮುಗಿಸಿ ಬರುವಾಗ ದಾರಿಯಲ್ಲಿ ಸಣ್ಣ ಹೋಟೆಲು. 12 ಹುಡುಗರು ಇಡ್ಲಿ, ಪಲಾವ್ ತಿಂದರು. ಹೋಟೆಲಿನವರು ಪಾಪ ಕ್ಯಾಲೆಂಡರ್ ಹಾಳೆ ಹರಿದು ಹಿಂದುಗಡೆ ಲೆಕ್ಕ ಬರೆದು ಸಹಿ ಹಾಕಿ ಕೊಟ್ಟರು. ಜಿಎಸ್‌ಟಿ ನಂಬರ್ ಇಲ್ಲ ಅಂತ ಅಕೌಂಟ್ಸ್‌ನಿಂದ ವಾಪಸ್. ಇಡ್ಲಿ ಹೊಟ್ಟೆಗೆ ಹೋಗಿದ್ದು ನಿಜ, ದುಡ್ಡು ಮಾತ್ರ ಇನ್ನೂ ಬಂದಿಲ್ಲ.

ಮೈದಾನದಂಚು

ಕೊನೆಗೊಯ್ಲು ಅವರೇ, ನಿಮ್ಮ ಕಷ್ಟ ಸಣ್ಣದು ಅಂತ ಯಾರೂ ಹೇಳುತ್ತಿಲ್ಲ. ಖುಷಿಯ ಕೆಲಸ ಅಂದಿದ್ದೂ ಸರಿ. ಆಟದ ಹೊತ್ತಿನಲ್ಲಿ ಈಗಲೂ ಖುಷಿ ಇದೆ. ದಿನದಲ್ಲಿ ಆ ಹೊತ್ತು ಎಷ್ಟು ಸಿಗುತ್ತದೆ ಅನ್ನುವುದೇ ಪ್ರಶ್ನೆ. ಬೆಳಿಗ್ಗೆ ಗೇಟಿನಲ್ಲಿ ಐಡಿ ಕಾರ್ಡ್ ನೋಡು. ಶಿಸ್ತು ಸಮಿತಿಯಲ್ಲಿ ಕೂರು. ಜೂನ್ 21ಕ್ಕೆ ಯೋಗ ದಿನ, ಆಗಸ್ಟ್ 15ಕ್ಕೆ ಪರೇಡ್, ಚುನಾವಣೆ ಬಂದರೆ ಡ್ಯೂಟಿ, ಕಾಲೇಜ್ ಡೇ ಬಂದರೆ ಶಾಮಿಯಾನ. ದೈಹಿಕ ಶಿಕ್ಷಣ ಅಂದರೆ ದೇಹ ಬಗ್ಗಿಸಿ ಮಾಡುವ ಕೆಲಸ ಎಲ್ಲಾ ನಮ್ಮದೇ ಅಂತ ಅರ್ಥ ಮಾಡಿಕೊಂಡಿದ್ದಾರೆ.

ನಿಮ್ಮ ಮಗನ ಮೇಷ್ಟ್ರು ನಗುತ್ತಾರೆ ಅಂದಿರಿ. ನಾನೂ ನಗುತ್ತೇನೆ ಸ್ವಾಮಿ. ಮಕ್ಕಳ ಮುಂದೆ ಸಪ್ಪೆ ಮುಖ ಹಾಕಿಕೊಂಡು ನಿಂತರೆ ವಾರ್ಮಪ್ಪೂ ಆಗುವುದಿಲ್ಲ.

ತಾವರೆಕೆರೆ, ಶಿವಮೊಗ್ಗ

ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುವವಳು. ಆಟ ಬರುವುದಿಲ್ಲ, ನೋಡುವುದು ಇಷ್ಟ. ಇಲ್ಲಿ ಬರೆದಿರುವುದಕ್ಕೆಲ್ಲ ನಮ್ಮ ವಿಷಯದಲ್ಲಿ ಹೆಸರು ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಬರ್ನ್‌ಔಟ್, ಅಂದರೆ ಕೆಲಸದಿಂದಲೇ ಮನಸ್ಸು ಬರಿದಾಗುವುದು. ಅದರ ಬಗ್ಗೆ 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಃಶಾಸ್ತ್ರಜ್ಞ ಬರೆದರು. 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅದನ್ನು ಅಳೆಯುವ ಪ್ರಶ್ನಾವಳಿ ಮಾಡಿದರು. ಅದರಲ್ಲಿ ಮೂರು ಎಳೆ. ಒಂದು, ನಿದ್ದೆ ಮಾಡಿದರೂ ಹೋಗದ ದಣಿವು. ಎರಡನೆಯದು, ಎದುರಿಗಿರುವ ಮನುಷ್ಯ ಮನುಷ್ಯ ಅನ್ನಿಸದೇ ಇರುವುದು. ಕೋಚ್ ವಿಷಯದಲ್ಲಿ ಹೇಳಬೇಕು ಅಂದರೆ ಹುಡುಗ ಬರೀ ಜರ್ಸಿ ನಂಬರ್ ಆಗುತ್ತಾನೆ. ಅವನ ಮೊಣಕಾಲು ನೋಯುತ್ತಿದ್ದರೆ "ನಾಳಿನ ಮ್ಯಾಚ್ ಗತಿ ಏನು" ಅಂತಲೇ ಮೊದಲು ಅನ್ನಿಸುತ್ತದೆ. ಮೂರನೆಯದು, ಇಷ್ಟು ಮಾಡಿಯೂ ನನ್ನಿಂದ ಏನೂ ಆಗಲಿಲ್ಲ ಅನ್ನುವ ಭಾವನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ವಿವರಿಸಿತು, ಕಾಯಿಲೆಗಳ ಸಾಲಿಗೆ ಸೇರಿಸಲಿಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, ಇಂಥದ್ದು ಬಂದಾಗ ಜನ ಮೊದಲು ತಮ್ಮನ್ನೇ ಬೈದುಕೊಳ್ಳುತ್ತಾರೆ. ಕೆಲಸ ಕಟ್ಟಿರುವ ರೀತಿಯನ್ನೂ ಸ್ವಲ್ಪ ಬೈಯಬಹುದು.

ಇನ್ನು ಹುರುಪಿನ ಮಾತು. ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಅಂತ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಇಬ್ಬರು ಇದರ ಮೇಲೆಯೇ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಅವರ ಪ್ರಕಾರ ಮನುಷ್ಯನಿಗೆ ಒಳಗಿನಿಂದ ಹುರುಪು ಬರಬೇಕಾದರೆ ಮೂರು ಬೇಕು. ನನ್ನ ಕೆಲಸದಲ್ಲಿ ನನ್ನ ಮಾತು ಸ್ವಲ್ಪವಾದರೂ ನಡೆಯಬೇಕು. ಇದು ನನ್ನ ಕೈಲಾಗುತ್ತದೆ ಅನ್ನಿಸಬೇಕು. ನನ್ನವರು ಅನ್ನಿಸುವ ಜನ ಜೊತೆಗಿರಬೇಕು. ಈಗ ಮೇಲಿನ ಪೋಸ್ಟ್‌ಗಳನ್ನು ಇನ್ನೊಂದು ಸಲ ಓದಿ. ಮೈದಾನದಂಚು ಸರ್‌ಗೆ ಮೊದಲನೆಯದು ಇಲ್ಲ, ಬಿಳಿಗೆರೆಯವರಿಗೆ ಮೊದಲನೆಯದೂ ಇಲ್ಲ ಮೂರನೆಯದೂ ಇಲ್ಲ. ಕೈಲಾಗುವುದು ಇಬ್ಬರಿಗೂ ಚೆನ್ನಾಗಿ ಆಗುತ್ತದೆ. ಪರಿಸ್ಥಿತಿ ಹೀಗೇ ಇದ್ದರೆ ಅದೂ ಹೋಗುತ್ತದೆ ಅನ್ನುವುದು ನನ್ನ ಭಯ.

ಕೊನೆಗೊಯ್ಲು

ಮೇಡಂ, ಒಂದು ಮಾತು ನಾಟಿತು. ತೋಟದಲ್ಲಿ ಮಳೆಯ ಬಿಡುವು ನೋಡಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವತ್ತು ಹೊಡೆಯಬೇಕು, ಯಾವ ಮರ ಬಿಡಬೇಕು ಅಂತ ನಾನೇ ತೀರ್ಮಾನ ಮಾಡುತ್ತೇನೆ. ನಷ್ಟ ಆದರೂ ನನ್ನದೇ ಲೆಕ್ಕ. ಶಿವಮೊಗ್ಗದಲ್ಲಿ ಕೂತವರು ಯಾರೋ ಫೋನ್ ಮಾಡಿ "ಇವತ್ತು ಹೊಡಿ, ನಾಳೆ ಬಿಡು, ಇಷ್ಟೇ ಕ್ವಿಂಟಾಲ್ ಬರಬೇಕು" ಅಂದರೆ ನಾನು ಆ ವರ್ಷವೇ ತೋಟ ಮಾರುತ್ತಿದ್ದೆ.

ಹಾಗಂತ ಸಂಬಳದ ವಿಷಯದಲ್ಲಿ ನನ್ನ ಮಾತು ವಾಪಸ್ ತಗೊಳ್ಳುವುದಿಲ್ಲ. ಪರ್ಮನೆಂಟ್ ಆದವರಿಗೆ ಚೆನ್ನಾಗಿಯೇ ಇದೆ.

ಹೊಳೆದಂಡೆ ಅಕ್ಕ, ಸಾಗರ

ಹೆಂಗಸು ಕೋಚ್‌ಗಳ ಕಡೆಯಿಂದ ಯಾರೂ ಬರೆದಿಲ್ಲ, ನಾನೇ ಬರೆಯುತ್ತೇನೆ.

ಹುಡುಗಿಯರ ಟೀಮ್ ಹೊರಡಿಸುವುದು ಅಂದರೆ ಮೊದಲು ಅಪ್ಪಂದಿರ ಜೊತೆ ಫೋನಿನಲ್ಲಿ ಒಂದು ಟೂರ್ನಮೆಂಟ್. "ರಾತ್ರಿ ಎಲ್ಲಿ ಉಳಿಯುತ್ತಾರೆ ಮೇಡಂ? ಜೊತೆಗೆ ಯಾರು? ವಾಪಸ್ ಎಷ್ಟೊತ್ತಿಗೆ?" ಕೇಳುವುದು ತಪ್ಪಲ್ಲ. ಆದರೆ ಎಲ್ಲದಕ್ಕೂ ಉತ್ತರ ಒಂದೇ, ನಾನಿದ್ದೇನೆ. ಪಂದ್ಯದ ಊರಿನಲ್ಲಿ ಯಾವುದೋ ಶಾಲೆಯ ರೂಮ್ ಕೊಡುತ್ತಾರೆ. ಬಾಗಿಲಿಗೆ ಚಿಲಕ ಇರುವುದಿಲ್ಲ. ನಾನು ಬಾಗಿಲಿಗೆ ಬೆನ್ನು ಕೊಟ್ಟು ಚಾಪೆ ಹಾಕಿ ಮಲಗುತ್ತೇನೆ. ಮಲಗುವುದು ಅಂದರೆ ಸುಮ್ನೆ ಹೆಸರಿಗೆ. ಬೆಳಿಗ್ಗೆ ಏಳಕ್ಕೆ ಪಂದ್ಯ, ಅಲ್ಲಿ ನಾನು ಫ್ರೆಶ್ ಆಗಿ ಪ್ಲಾನ್ ಹೇಳಬೇಕು. ಬ್ಯಾಗಿನಲ್ಲಿ ಸ್ಪ್ರೇ, ಕ್ರೇಪ್ ಬ್ಯಾಂಡೇಜ್, ಗ್ಲೂಕೋಸ್, ಪ್ಯಾಡ್, ಪಿನ್ನು, ಎರಡು ಜೊತೆ ಜಾಸ್ತಿ ಶೂ ಲೇಸ್. ಮನೆಗೆ ಬಂದರೆ ಅತ್ತೆಯವರು "ಟೂರ್ ಮುಗೀತಾ?" ಅನ್ನುತ್ತಾರೆ.

ಎಳೆದು ತರುವುದು ಏನು ಅಂತ ಕೇಳಿದಿರಲ್ಲ ಸರ್. ನನಗೆ ಆ ಹುಡುಗಿಯರೇ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಆಯಿತು. ನಮ್ಮ ದೇಶದ ಹೆಂಗಸರ ತಂಡ, ಗಂಡಸರ ತಂಡ ಎರಡೂ ಗೆದ್ದವು. ಹೆಂಗಸರ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಹುಡುಗಿ. ಅವತ್ತಿನಿಂದ ಅಪ್ಪಂದಿರ ಫೋನ್ ಸ್ವಲ್ಪ ಚಿಕ್ಕದಾಗಿದೆ. ಆ ಗೆಲುವಿನಿಂದ ನನಗೆ ಸಿಕ್ಕಿದ್ದು ಅದು, ಫೋನಿನ ಹೊತ್ತು ಉಳಿಯಿತು.

ನನಗೆ ಇಲ್ಲದಿರುವುದು ಮೇಡಂ ಹೇಳಿದ ಮೂರನೆಯದು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಒಂದು ಡಿಪಾರ್ಟ್‌ಮೆಂಟ್ ಇದೆ. ಕನ್ನಡದವರು ನಾಲ್ಕು ಜನ, ಕಾಮರ್ಸ್‌ನವರು ಆರು ಜನ. ನಮ್ಮ ಡಿಪಾರ್ಟ್‌ಮೆಂಟ್‌ನಲ್ಲಿ ನಾನು ಮತ್ತು ಬೀಗ ಹಾಕಿದ ಸ್ಟೋರ್ ರೂಮ್. ಪಂದ್ಯ ಸೋತು ಬಂದ ದಿನ ಅದರ ಬಗ್ಗೆ ಮಾತಾಡಲು ಒಬ್ಬರೂ ಇಲ್ಲ. ಎದುರಾಳಿ ಕಾಲೇಜಿನ ಮೇಡಂಗೆ ಫೋನ್ ಮಾಡುತ್ತೇನೆ ಕೆಲವೊಮ್ಮೆ, ಅವರಿಗೇ ಅರ್ಥ ಆಗುವುದು.

ಹಳೇ ರೈಡರ್, ಶಿಕಾರಿಪುರ (ಈಗ ಬೆಂಗಳೂರು)

ನಾನು ಕೋಚ್ ಅಲ್ಲ, ಕೋಚ್ ಕೈಯಲ್ಲಿ ಬೆಳೆದವನು. ಈ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ನಾನು ಪದವಿಗೆ ಸೇರಿದ ವರ್ಷ ನಮ್ಮ ಸರ್ ಬಹಳ ಕೂಲ್. ಟೈಮ್ ಔಟ್‌ನಲ್ಲಿ "ಏನು ಅನ್ನಿಸುತ್ತೆ, ಎಡಗಡೆ ಕಾರ್ನರ್ ಸ್ವಲ್ಪ ನಿಧಾನ ಅಲ್ವಾ?" ಅಂತ ನಮ್ಮನ್ನೇ ಕೇಳುತ್ತಿದ್ದರು. 2014ರಲ್ಲಿ ಪ್ರೊ ಕಬಡ್ಡಿ ಶುರುವಾಗಿತ್ತು, ಊರೆಲ್ಲ ಕಬಡ್ಡಿ ಹುಚ್ಚು. ಕಾಲೇಜಿನವರಿಗೂ ಹುಚ್ಚು ಹತ್ತಿತು. ಎರಡನೇ ವರ್ಷ ಯಾರೋ ಮೇಲಿನವರು ಸರ್‌ಗೆ "ಕಪ್ ಬರಲೇಬೇಕು" ಅಂದಿದ್ದಾರೆ ಅಂತ ಸುದ್ದಿ. ಅಲ್ಲಿಂದ ಸರ್ ಬೇರೆಯೇ ಆದರು. ಟೈಮ್ ಔಟ್‌ನಲ್ಲಿ ಪ್ರಶ್ನೆ ನಿಂತಿತು, ಬರೀ ಬೈಗುಳ. ಫೋನ್ ಕಿತ್ತುಕೊಂಡರು. ಬೋನಸ್ ಲೈನ್ ದಾಟದೆ ಬಂದವನನ್ನು ಮುಂದಿನ ಪಂದ್ಯದಲ್ಲಿ ಕೂರಿಸುವುದು. ನಾನು ರೈಡ್ ಹೋಗುವಾಗ ಎದುರಾಳಿಯ ಸರಪಳಿ ನೋಡುವುದು ಬಿಟ್ಟು ಸರ್ ಮುಖ ನೋಡುತ್ತಿದ್ದೆ. ಸಿಕ್ಕಿಬೀಳದೆ ಇರುತ್ತೇನಾ?

ಆಗ ಸರ್ ಮೇಲೆ ಸಿಟ್ಟಿತ್ತು. ಈಗ ಈ ಚರ್ಚೆ ಓದಿದರೆ ಸರ್ ಮೇಲೆ ಯಾರು ಕೂತಿದ್ದರು ಅಂತ ಕಾಣುತ್ತಿದೆ.

ನಿರ್ವಾಹಕ

ಹಳೇ ರೈಡರ್ ಅವರ ಪೋಸ್ಟ್‌ನಲ್ಲಿದ್ದ ಕಾಲೇಜಿನ ಹೆಸರು ತೆಗೆದಿದ್ದೇವೆ. ಯಾರೂ ಕಾಲೇಜು, ವ್ಯಕ್ತಿಗಳ ಹೆಸರು ಹಾಕಬೇಡಿ. ಚರ್ಚೆ ಚೆನ್ನಾಗಿದೆ, ಮುಂದುವರಿಸಿ.

ತಾವರೆಕೆರೆ

ರೈಡರ್ ಹೇಳಿದ್ದು ಪುಸ್ತಕದಲ್ಲಿ ಇರುವುದಕ್ಕಿಂತ ಸ್ಪಷ್ಟವಾಗಿದೆ. ಜೆನೆವೀವ್ ಮಾಜೋ ಮತ್ತು ರಾಬರ್ಟ್ ವ್ಯಾಲರಾಂಡ್ ಎಂಬ ಕೆನಡಾದ ಸಂಶೋಧಕರು 2003ರಲ್ಲಿ ಕೋಚ್ ಮತ್ತು ಆಟಗಾರರ ನಡುವಿನ ಸಂಬಂಧದ ಬಗ್ಗೆ ಬರೆದದ್ದು ಹತ್ತಿರ ಹತ್ತಿರ ಇದೇ. ಕೋಚ್ ಹೇಗೆ ನಡೆದುಕೊಳ್ಳುತ್ತಾನೆ ಅನ್ನುವುದಕ್ಕೆ ಅವನ ಸ್ವಭಾವ ಒಂದು ಕಾರಣ, ಅವನು ಯಾವ ವಾತಾವರಣದಲ್ಲಿ ಕೆಲಸ ಮಾಡುತ್ತಾನೆ ಅನ್ನುವುದು ಇನ್ನೊಂದು. ಮೇಲಿನಿಂದ ಒತ್ತಡ ಜಾಸ್ತಿ ಆದಾಗ ಕೋಚ್ ಕೇಳುವುದು ಬಿಟ್ಟು ಹೇಳಲು ಶುರು ಮಾಡುತ್ತಾನೆ. ಕೋಚ್ ಚೆನ್ನಾಗಿದ್ದರೆ ಹುಡುಗರಿಗೆ ಮಾತಾಡಲು ಜಾಗ ಸಿಗುತ್ತದೆ. ಆದ್ದರಿಂದ ಕೋಚ್ ಮನಸ್ಸು ನೋಡಿಕೊಳ್ಳುವುದು ಕೋಚ್‌ಗೆ ಮಾಡುವ ಉಪಕಾರ ಅಂತ ಕಾಲೇಜಿನವರು ತಿಳಿಯಬಾರದು. ಫಲ ಹುಡುಗರಿಗೆ, ಅವರಿಗೆ ಬೇಕಾದ ಕಪ್‌ಗೂ.

ಪಟಿಯಾಲ ಬ್ಯಾಚ್, ಶಿವಮೊಗ್ಗ

ನಾನು ರಿಟೈರ್ ಆದ ಕೋಚ್. ಪಟಿಯಾಲದ ಎನ್‌ಐಎಸ್‌ನಲ್ಲಿ, ಅಂದರೆ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಕೋಚಿಂಗ್ ಡಿಪ್ಲೊಮಾ ಮಾಡಿದವನು. 1961ರಲ್ಲಿ ಶುರುವಾದ ಸಂಸ್ಥೆ ಅದು, ಅಲ್ಲಿ ನಮಗೆ ಮನಸ್ಸು ಗಿನಸ್ಸು ಅಂತ ಯಾರೂ ಜಾಸ್ತಿ ಹೇಳಿಕೊಡಲಿಲ್ಲ. ನಮ್ಮ ಕಾಲದಲ್ಲಿ ಆಟದ ಹುಚ್ಚೇ ಸಾಕಾಗಿತ್ತು. ಪಿ.ಟಿ. ಉಷಾ ಅವರ ಕೋಚ್ ಒ.ಎಂ. ನಂಬಿಯಾರ್ ನೋಡಿ. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಂದು ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಉಷಾಗೆ ಕಂಚು ಹೋಯಿತು. ಬೇರೆಯವರಾದರೆ ಗ್ರೌಂಡ್ ಕಡೆ ತಲೆ ಹಾಕುತ್ತಿರಲಿಲ್ಲ. ಅವರು ಮತ್ತೆ ಟ್ರ್ಯಾಕಿಗೆ ಹೋದರು. 1985ರಲ್ಲಿ ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದಾಗ ಮೊದಲ ಸಾಲಿನಲ್ಲೇ ಅವರಿಗೆ ಬಂತು. ಹುಚ್ಚು ಇರಬೇಕು ಕಣ್ರಪ್ಪ. ಅದಿಲ್ಲದವರು ಬೇರೆ ಕೆಲಸ ನೋಡಿಕೊಳ್ಳಲಿ.

ಬಿಳಿಗೆರೆ

ಹಿರಿಯರು ನೀವು, ಎದುರು ಮಾತಾಡುತ್ತಿಲ್ಲ. ನಂಬಿಯಾರ್ ಅವರಿಗೆ ಪದ್ಮಶ್ರೀ ಬಂದದ್ದು 2021ರಲ್ಲಿ ಸರ್, ಅದೇ ವರ್ಷ ತೀರಿಕೊಂಡರು. ಹುಚ್ಚಿನ ಮೇಲೆ ಅಷ್ಟು ಕಾಲ ಬದುಕಬಹುದೇನೋ, ಮನೆ ಬಾಡಿಗೆ ಕಟ್ಟಲು ಆಗುವುದಿಲ್ಲ. ಮತ್ತೆ, ಅವರು ಆ ಹುಡುಗಿಯ ಟ್ರೇನಿಂಗ್ ಏನಿರಬೇಕು ಅಂತ ತಾವೇ ತೀರ್ಮಾನ ಮಾಡುತ್ತಿದ್ದರು. ನಮಗೆ ಟೀಮ್ ಲಿಸ್ಟ್‌ನಲ್ಲೇ ಫೋನ್ ಬರುತ್ತದೆ, "ಇಂಥವರ ಮಗನನ್ನು ಸೇರಿಸಿಕೊಳ್ಳಿ" ಅಂತ.

ತಾವರೆಕೆರೆ

ಹುಚ್ಚಿನಲ್ಲೂ ಎರಡು ಬಗೆ ಇದೆ ಅಂತ ಅದೇ ವ್ಯಾಲರಾಂಡ್ ಹೇಳುತ್ತಾರೆ. ಒಂದರಲ್ಲಿ ಆಟ ನಿಮ್ಮ ಬದುಕಿನ ಒಂದು ದೊಡ್ಡ ಭಾಗ, ಆದರೆ ಮನೆ, ಗೆಳೆಯರು, ನಿದ್ದೆ ಎಲ್ಲಕ್ಕೂ ಜಾಗ ಇರುತ್ತದೆ. ಬೇಕಾದಾಗ ಬಾಗಿಲು ಹಾಕಿ ಬರಬಹುದು. ಇನ್ನೊಂದರಲ್ಲಿ ಆಟ ನಿಮ್ಮನ್ನು ಹಿಡಿದುಕೊಂಡಿರುತ್ತದೆ. ಸೋತರೆ ನಾನೇ ಸೋತೆ, ನಾನೇ ಕೆಲಸಕ್ಕೆ ಬಾರದವನು ಅನ್ನಿಸುತ್ತದೆ. ಹೊರಗಿನವರಿಗೆ ಎರಡೂ ಒಂದೇ ಥರ ಕಾಣುತ್ತವೆ, ಎರಡೂ ಕಡೆ ಕೋಚ್ ಬೆಳಿಗ್ಗೆ ಆರಕ್ಕೆ ಗ್ರೌಂಡಿನಲ್ಲಿ ಇರುತ್ತಾನೆ.

ಪಟಿಯಾಲ ಬ್ಯಾಚ್

ಇದು ಸರಿ ಇದೆ ಮೇಡಂ. ಎರಡನೇ ಥರದವರು ನಮ್ಮ ಬ್ಯಾಚಿನಲ್ಲೂ ಇದ್ದರು. ರಿಟೈರ್ ಆದ ಮೇಲೆ ಅವರಿಗೇ ಜಾಸ್ತಿ ಕಷ್ಟ ಆಯಿತು. ಬೆಳಗಾದರೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗುತ್ತಿರಲಿಲ್ಲ.

ಗಾಂಧಿಬಜಾರ್, ಶಿವಮೊಗ್ಗ

ಇಷ್ಟು ಸುತ್ತು ಯಾಕೆ? ಒಂದು ಮೆಡಲಿಗೆ ಇಷ್ಟು ಅಂತ ಕೋಚ್‌ಗೆ ಇನ್ಸೆಂಟಿವ್ ಕೊಟ್ಟರೆ ಆಯಿತಪ್ಪ. ಅಂಗಡಿಯಲ್ಲಿ ಸೇಲ್ಸ್ ಹುಡುಗರಿಗೆ ನಾವು ಹಾಗೇ ಮಾಡುವುದು. ಹುರುಪು ತಾನಾಗೇ ಬರುತ್ತದೆ.

ತಾವರೆಕೆರೆ

ಬರುತ್ತದೆ, ದುಡ್ಡು ಇರುವ ತನಕ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಯವರು ನರ್ಸರಿ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಚಿತ್ರ ಬರೆಯುವುದು ಇಷ್ಟ ಇದ್ದ ಮಕ್ಕಳು. ಕೆಲವರಿಗೆ "ಬರೆದರೆ ಬಹುಮಾನ" ಅಂತ ಮೊದಲೇ ಹೇಳಿದರು. ಆಮೇಲೆ ಬಹುಮಾನ ಇಲ್ಲದ ದಿನ ನೋಡಿದರೆ ಆ ಮಕ್ಕಳೇ ಕಮ್ಮಿ ಬರೆಯುತ್ತಿದ್ದರು. ಹೇಳದೇ ಬಹುಮಾನ ಕೊಟ್ಟವರಲ್ಲಿ ಹಾಗೆ ಆಗಲಿಲ್ಲ.

ಮೈದಾನದಂಚು

ಇಲ್ಲಿ ನನ್ನದೊಂದು ತಕರಾರು ಮೇಡಂ. ಈ ಪ್ರಯೋಗದ ಕಥೆಯನ್ನು ಆಡಳಿತದವರು ಕೇಳಿಸಿಕೊಂಡರೆ "ನೋಡಿ, ದುಡ್ಡು ಕೊಟ್ಟರೆ ಹುರುಪು ಹೋಗುತ್ತದಂತೆ" ಅಂತ ಇರುವ ಸಂಬಳವನ್ನೂ ಕತ್ತರಿಸುತ್ತಾರೆ. ಬಹುಮಾನ ಬೇರೆ, ಬರಬೇಕಾದ ದುಡ್ಡು ಬೇರೆ. ಬಿಳಿಗೆರೆಯವರ ಇಡ್ಲಿ ದುಡ್ಡು ಇನ್ಸೆಂಟಿವ್ ಅಲ್ಲ, ಸಾಲ. ಕಾಲೇಜು ಅವರ ಹತ್ತಿರ ಮಾಡಿದ ಸಾಲ. ಅದನ್ನು ಮೊದಲು ತೀರಿಸಲಿ, ಆಮೇಲೆ ಹುರುಪಿನ ತತ್ವ ಹೇಳಲಿ.

ಮೆಡಲ್ ಲೆಕ್ಕದ ಇನ್ಸೆಂಟಿವ್‌ಗೆ ನನ್ನ ವಿರೋಧ ಇದೆ, ಕಾರಣ ಮಾತ್ರ ಬೇರೆ. ನ್ಯಾಕ್‌ನ ಐದನೇ ಮಾನದಂಡದಲ್ಲಿ ಆಟ, ಸಾಂಸ್ಕೃತಿಕ ವಿಭಾಗದಲ್ಲಿ ಬಂದ ಪ್ರಶಸ್ತಿಗಳನ್ನು ಎಣಿಸುತ್ತಾರೆ. ವಿಶ್ವವಿದ್ಯಾಲಯ ಮಟ್ಟದಿಂದ ಮೇಲಿನದಷ್ಟೇ ಲೆಕ್ಕಕ್ಕೆ. ಅದರಲ್ಲಿ ಏನಾಗುತ್ತದೆ ಅಂದರೆ, ಮೊದಲೇ ಚೆನ್ನಾಗಿ ಆಡುವ ನಾಲ್ಕು ಹುಡುಗರ ಹಿಂದೆ ಕೋಚ್ ಓಡುತ್ತಾನೆ. ಚೆಂಡು ಹಿಡಿಯಲು ಬಾರದೆ ಬಂದು, ಮೂರನೇ ವರ್ಷಕ್ಕೆ ಸರ್ವ್ ಮಾಡುವಷ್ಟು ಕಲಿತ ಹುಡುಗ ಯಾವ ಫೈಲಿನಲ್ಲೂ ಇಲ್ಲ. ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಅವನೇ. ದೊಡ್ಡ ಕಾಲೇಜುಗಳ ಜೊತೆ ನಮ್ಮನ್ನು ತೂಗುವುದೂ ಅಷ್ಟೇ. 2022ರಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಆಯಿತು, ಜೈನ್ ವಿಶ್ವವಿದ್ಯಾಲಯ ಚಾಂಪಿಯನ್. ಖುಷಿಯ ಸುದ್ದಿ. ಮರುದಿನವೇ ನನ್ನನ್ನು ಕರೆದು "ಅವರಿಗೆ ಆಗುವುದು ನಮಗೆ ಯಾಕೆ ಆಗಲ್ಲ" ಅಂದರು. ನಾನು ಕಿಟಕಿಯಿಂದ ನಮ್ಮ ಗ್ರೌಂಡ್ ತೋರಿಸಿದೆ. ಎಮ್ಮೆ ಮೇಯುತ್ತಿತ್ತು.

ಕೋಚ್ ಮನೆಯವಳು, ಸೊರಬ

ನಾನು ಓದಿ ಸುಮ್ನಿರೋಣ ಅಂದುಕೊಂಡಿದ್ದೆ. ನಮ್ಮ ಮನೆಯವರೂ ಇದೇ ಕೆಲಸ. ಸೋತ ದಿನ ಗೇಟ್ ತೆಗೆಯುವ ಸದ್ದಿನಲ್ಲೇ ಗೊತ್ತಾಗುತ್ತದೆ. ಊಟಕ್ಕೆ ಕೂತರೆ ಸಾರು ಯಾವುದು ಅಂತ ಗೊತ್ತಿರುವುದಿಲ್ಲ. ತಟ್ಟೆಯ ಮೇಲೆ ಬೆರಳಿನಲ್ಲಿ ಪೊಸಿಷನ್ ಬರೆಯುತ್ತಿರುತ್ತಾರೆ. ಗೆದ್ದ ದಿನವೂ ಅದೇ, ಮುಂದಿನ ಮ್ಯಾಚ್‌ದು. ರಾತ್ರಿ ಹನ್ನೊಂದಕ್ಕೆ ಹುಡುಗರ ಗ್ರೂಪಿನಲ್ಲಿ ಮೆಸೇಜ್, "ಸರ್ ನನ್ನ ಶೂ ಸಿಕ್ತಿಲ್ಲ". ಅದಕ್ಕೂ ಉತ್ತರ ಕೊಡುತ್ತಾರೆ! ಇದಕ್ಕೆ ಏನಾದರೂ ಔಷಧಿ ಇದೆಯಾ ಮೇಡಂ?

ತಾವರೆಕೆರೆ

ಶೂಗೆ ಔಷಧಿ ಇಲ್ಲ, ಉಳಿದದ್ದಕ್ಕೆ ಸ್ವಲ್ಪ ಇದೆ. ಜರ್ಮನಿಯ ಸಬೀನ್ ಸೊನೆಂಟಾಗ್ ಮತ್ತು ಶಾರ್ಲಟ್ ಫ್ರಿಟ್ಜ್ 2007ರಲ್ಲಿ ಒಂದು ಪ್ರಶ್ನಾವಳಿ ಮಾಡಿದರು. ಕೆಲಸ ಮುಗಿದ ಮೇಲೆ ಮನುಷ್ಯ ಚೇತರಿಸಿಕೊಳ್ಳುವುದು ಹೇಗೆ ಅಂತ. ಅದರಲ್ಲಿ ಮೊದಲನೆಯದೇ ಕೆಲಸದಿಂದ ಮನಸ್ಸು ಬಿಡಿಸಿಕೊಳ್ಳುವುದು. ದೇಹ ಮನೆಗೆ ಬಂದು ತಲೆ ಗ್ರೌಂಡಿನಲ್ಲೇ ಇದ್ದರೆ ವಿಶ್ರಾಂತಿ ಆಗುವುದಿಲ್ಲ. ಸುಮ್ನೆ ಆರಾಮಾಗಿರುವುದು, ಹೊಸದು ಏನಾದರೂ ಕಲಿಯುವುದು, ಬಿಡುವಿನ ಹೊತ್ತು ಹೇಗೆ ಕಳೆಯಬೇಕು ಅಂತ ತಾವೇ ತೀರ್ಮಾನಿಸುವುದು ಇವು ಉಳಿದ ಮೂರು. ಗ್ರೂಪಿಗೆ ಒಬ್ಬ ಕ್ಯಾಪ್ಟನ್, ಒಬ್ಬಳು ವೈಸ್ ಕ್ಯಾಪ್ಟನ್ ಇರುತ್ತಾರಲ್ಲ. ರಾತ್ರಿ ಎಂಟರ ಮೇಲೆ ಅವರೇ ಉತ್ತರ ಕೊಡಲಿ. ತೀರಾ ತುರ್ತು ಅಂದರೆ ಮಾತ್ರ ಫೋನ್ ಬರಲಿ. ಹುಡುಗರಿಗೂ ಜವಾಬ್ದಾರಿ ಬರುತ್ತದೆ.

ಇನ್ನೊಂದು ಮಾತು, ಇದನ್ನು ನೇರವಾಗಿಯೇ ಹೇಳುತ್ತೇನೆ. ದಣಿವು ಒಂದು, ಅದನ್ನು ಮೀರಿದ್ದು ಇನ್ನೊಂದು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಬದುಕಿ ಏನು ಪ್ರಯೋಜನ ಅನ್ನಿಸುತ್ತಿದೆ ಅಂದರೆ ಅದನ್ನು ಕೆಲಸದ ಬೇಸರ ಅಂತ ತಳ್ಳಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರ್ 10ಕ್ಕೆ ಶುರುವಾದದ್ದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗವೂ ಇದೆ. ಲಿಗಮೆಂಟ್ ಹರಿದರೆ ಹುಡುಗನನ್ನು ನೀವೇ ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತೀರಿ. ನಿಮ್ಮ ವಿಷಯಕ್ಕೆ ಬಂದಾಗ ನಾಚಿಕೆ ಯಾಕೆ?

ಬಿಳಿಗೆರೆ

ಫೋನ್ ಆಫ್ ಮಾಡುವುದು ಪರ್ಮನೆಂಟ್ ಆದವರಿಗೆ ಸರಿ ಮೇಡಂ. ನಾನು ಒಂದು ಕಾಲ್ ಎತ್ತದೇ ಇದ್ದರೆ ಮುಂದಿನ ವರ್ಷ ಬೇರೆಯವರು. ಕ್ಯಾಪ್ಟನ್ ಐಡಿಯಾ ಮಾತ್ರ ಮಾಡಿ ನೋಡುತ್ತೇನೆ. ಮೂರನೆಯದಕ್ಕೆ, ಅದೇ ಜೊತೆಯವರು ಅಂದಿರಲ್ಲ, ಅದಕ್ಕೆ ಮೇಲಿನವರ ಪರ್ಮಿಷನ್ ಬೇಕಿಲ್ಲ ಅಲ್ವಾ? ಸಾಗರದ ಅಕ್ಕ ಎದುರಾಳಿ ಮೇಡಂಗೆ ಫೋನ್ ಮಾಡುತ್ತೇನೆ ಅಂದರು. ನಾವೂ ಹಾಗೇ ಮಾಡಬಹುದು.

ಹೊಳೆದಂಡೆ ಅಕ್ಕ

ಮಾಡಬಹುದು ತಮ್ಮ. ಒಂದೇ ಷರತ್ತು. ಆ ಗ್ರೂಪಿನಲ್ಲಿ ಕಪ್ ಹಿಡಿದ ಫೋಟೋ ಹಾಕಬಾರದು, ಗುಡ್ ಮಾರ್ನಿಂಗ್ ಗುಲಾಬಿ ಹೂವೂ ಬೇಡ. ಅಂಪೈರ್ ಬೇಕಾ, ರೂಮ್ ಬೇಕಾ, ಯಾರ ಹತ್ತಿರ ಯಾವ ಸಾಮಾನು ಇದೆ, ಇಷ್ಟು. ಮತ್ತೆ ಸೋತ ದಿನ ಬಂದು ಬೈದು ಹೋಗಲು ಜಾಗ.

ಕೊನೆಗೊಯ್ಲು

ಮಗನ ಶಟಲ್ ಮೇಷ್ಟ್ರನ್ನು ನಿನ್ನೆ ಕೇಳಿದೆ, ಹೇಗಿದ್ದೀರಿ ಅಂತ. ಅವರು ನನ್ನನ್ನೇ ಅನುಮಾನದಿಂದ ನೋಡಿದರು, ಫೀಸ್ ಕಮ್ಮಿ ಮಾಡಿ ಅಂತ ಕೇಳಲು ಬಂದಿದ್ದೇನೆ ಅಂದುಕೊಂಡರು. ಆಮೇಲೆ ಅರ್ಧ ಗಂಟೆ ಮಾತಾಡಿದರು ಮಾರಾಯ್ರೆ. ನನಗೆ ಕೊಟ್ಟಿಗೆ ಕೆಲಸ ತಡ ಆಯಿತು.

ಪಟಿಯಾಲ ಬ್ಯಾಚ್

ವಾಲಿಬಾಲ್‌ಗೆ ರೆಫರಿ ಬೇಕಾದರೆ ನನ್ನನ್ನು ಕರೆಯಿರಿ. ದುಡ್ಡು ಬೇಡ, ಬಸ್ ಸ್ಟ್ಯಾಂಡಿನಿಂದ ಕರೆದುಕೊಂಡು ಹೋಗಬೇಕು ಅಷ್ಟೇ. ಲೈನ್ ಈಗಲೂ ಸರಿಯಾಗಿ ಕಾಣುತ್ತದೆ.

ಮೈದಾನದಂಚು

ಆಯಿತು. ಮೊದಲ ಸಲ ಮುಖತಃ ಸೇರೋಣ, ಗ್ರೂಪ್ ಆಮೇಲೆ. ಬುಧವಾರ ಸಂಜೆ ಐದಕ್ಕೆ ನೆಹರೂ ಸ್ಟೇಡಿಯಂ. ಮಳೆ ಬಂದರೆ ಗ್ಯಾಲರಿ ಕೆಳಗೆ. ಟೀಮ್ ಲಿಸ್ಟ್‌ಗೆ ಹೊರಗಿನಿಂದ ಬರುವ ಫೋನ್ ಬಗ್ಗೆ ಎಲ್ಲರೂ ಸೇರಿ ಒಂದೇ ಮಾತು ಹೇಳುವುದು ಹೇಗೆ ಅಂತ ಅಲ್ಲಿ ಮಾತಾಡೋಣ. ಒಬ್ಬೊಬ್ಬರೇ ಹೇಳಿದರೆ ಸೊಕ್ಕು ಅನ್ನುತ್ತಾರೆ. ತಾವರೆಕೆರೆ ಮೇಡಂ, ನೀವೂ ಬನ್ನಿ.

ಬಿಳಿಗೆರೆ

ಬರುತ್ತೇನೆ ಸರ್. ನಿಮ್ಮ ಹತ್ತಿರ ಖೋಖೋ ಕಂಬ ಒಂದು ಜಾಸ್ತಿ ಇದೆಯಾ? ನಮ್ಮದು ಬುಡದಲ್ಲಿ ಗೆದ್ದಲು ಹಿಡಿದು ಹೋಗಿದೆ. ಹೊಸದಕ್ಕೆ ಕೊಟೇಶನ್ ಮೂರು ಕೇಳಿದ್ದಾರೆ.

ಮೈದಾನದಂಚು

ಒಂದಿದೆ, ತಗೊಂಡು ಹೋಗಿ. ಬೈಕಿನಲ್ಲಿ ಬರುವುದಾದರೆ ಹಿಂದೆ ಹಿಡಿದುಕೊಂಡು ಕೂರಲು ಒಬ್ಬ ಹುಡುಗನನ್ನು ಕರೆತನ್ನಿ.